ಕಂದೋ, ಕೆಂಪೋ, ಕಿತ್ತಳೆಯೋ? ರೆಸಿಸ್ಟರ್ ಬಣ್ಣ ಎರಡು ಅರ್ಥ ಕೊಟ್ಟಾಗ



ಬಣ್ಣ ನೋಡಿ ಅರ್ಥ ಮಾಡಿಕೊಳ್ಳುವುದು ನಿಮಗೆ ಹೊಸದಲ್ಲ. ಕೆಂಗೇರಿ, ವಿಜಯನಗರದ ಕಡೆಯಿಂದ ಬರುವವರು ನೇರಳೆ ಮಾರ್ಗದ ಮೆಟ್ರೋ ಹತ್ತುತ್ತೀರಿ. ರಾಜಾಜಿನಗರದವರು ಹಸಿರು ಮಾರ್ಗ ಹಿಡಿಯುತ್ತೀರಿ. ಅಲ್ಲಿ ಬಣ್ಣ ಗೊತ್ತಾಗದಿದ್ದರೂ ಪಕ್ಕದಲ್ಲೇ ಹೆಸರು ಬರೆದಿರುತ್ತದೆ, ಧ್ವನಿವರ್ಧಕದಲ್ಲಿ ಕೂಗಿಯೂ ಹೇಳುತ್ತಾರೆ. ರೆಸಿಸ್ಟರ್ ಮೇಲೆ ಹಾಗಿಲ್ಲ. ಅಕ್ಕಿಕಾಳಿನಷ್ಟು ಉದ್ದದ ಮೈ, ಅದರ ಮೇಲೆ ನಾಲ್ಕೋ ಐದೋ ಪಟ್ಟಿ, ಅಷ್ಟೇ. ಆ ಪಟ್ಟಿಗಳ ಬಣ್ಣವೇ ಅನುಮಾನಕ್ಕೆ ಬಂದರೆ ಓದುವವರು ಏನು ಮಾಡಬೇಕು?

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾನು ದಿನವೂ ಕೇಳುವ ಪ್ರಶ್ನೆ ಇದು: "ಸರ್, ಇದು ಕಂದಾ, ಕೆಂಪಾ?" ಬಣ್ಣಗಳ ಕೋಷ್ಟಕ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ ಬರುತ್ತದೆ. ಕೋಷ್ಟಕ ಗೊತ್ತಿದ್ದೂ ಉತ್ತರ ಎರಡಾಗುವ ಜಾಗಗಳಿವೆ. ಈ ಲೇಖನ ಆ ಜಾಗಗಳ ಬಗ್ಗೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಣ್ಣವನ್ನು ಒಂದು ಸಾಕ್ಷಿ ಎಂದು ತಿಳಿಯಿರಿ. ಅನುಮಾನ ಬಂದಾಗ ಇನ್ನೊಂದು ಸಾಕ್ಷಿ ಸಿಗುವವರೆಗೆ ಮೌಲ್ಯ ಬರೆಯಬೇಡಿ. ಆ ಇನ್ನೊಂದು ಸಾಕ್ಷಿಯನ್ನು ಎಲ್ಲೆಲ್ಲಿ ಹುಡುಕಬಹುದು ಎಂದು ನೋಡೋಣ.

ಮೊದಲು ಕೋಷ್ಟಕ, ಕನ್ನಡದಲ್ಲೇ

ಇಂಗ್ಲಿಷ್ ವಾಕ್ಯವೊಂದನ್ನು ಉರುಹೊಡೆದು ಬಣ್ಣಗಳನ್ನು ನೆನಪಿಡುವ ಪದ್ಧತಿ ಎಲ್ಲ ಕಾಲೇಜುಗಳಲ್ಲೂ ಇದೆ. ಕನ್ನಡದಲ್ಲಿ ಅದರ ಅಗತ್ಯವೇ ಇಲ್ಲ. ನಾಲ್ಕು ಕ, ಎರಡು ಹ, ಎರಡು ನ, ಎರಡು ಬ. ಇಷ್ಟು ನೆನಪಿದ್ದರೆ ಸಾಕು.

ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3.
ಹಳದಿ 4, ಹಸಿರು 5.
ನೀಲಿ 6, ನೇರಳೆ 7.
ಬೂದು 8, ಬಿಳಿ 9.

ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲಿನ ಕ್ರಮವೇ ಇದೆ. ಅದಕ್ಕೆ ಮೊದಲು ಗಾಢವಾದ ಎರಡು, ಕೊನೆಗೆ ತಿಳಿಯಾದ ಎರಡು. ನಾಲ್ಕು ಪಟ್ಟಿಯ ರೆಸಿಸ್ಟರ್‌ನಲ್ಲಿ ಮೊದಲೆರಡು ಪಟ್ಟಿ ಅಂಕಿಗಳು, ಮೂರನೆಯದು ಎಷ್ಟು ಸೊನ್ನೆ ಎಂದು ಹೇಳುವ ಗುಣಕ, ನಾಲ್ಕನೆಯದು ಟಾಲರೆನ್ಸ್, ಅಂದರೆ ಮೌಲ್ಯ ಎಷ್ಟು ಶೇಕಡಾ ಆಚೀಚೆ ಇರಬಹುದು ಎಂಬ ಮಿತಿ. ಚಿನ್ನದ ಬಣ್ಣ 5%, ಬೆಳ್ಳಿ 10%, ಕಂದು 1%, ಕೆಂಪು 2%. ಐದು ಪಟ್ಟಿ ಇದ್ದರೆ ಮೊದಲ ಮೂರೂ ಅಂಕಿಗಳು. ಚಿನ್ನ ಗುಣಕದ ಜಾಗದಲ್ಲಿ ಬಂದರೆ ಹತ್ತರಿಂದ ಭಾಗಿಸಬೇಕು, ಬೆಳ್ಳಿ ಬಂದರೆ ನೂರರಿಂದ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಂದು, ರೆಕಾರ್ಡಿನಲ್ಲಿ ಬಣ್ಣದ ಮೊದಲ ಅಕ್ಷರ ಬರೆಯುವ ಅಭ್ಯಾಸ ಬಿಡಿ. ಇಂಗ್ಲಿಷಿನಲ್ಲಿ ಕಪ್ಪು, ಕಂದು, ನೀಲಿ ಮೂರೂ ಬಿ ಅಕ್ಷರದಿಂದ ಶುರುವಾಗುತ್ತವೆ. ಹಸಿರು, ಬೂದು, ಚಿನ್ನ ಮೂರೂ ಜಿ ಅಕ್ಷರದಿಂದ. ಕನ್ನಡದಲ್ಲೂ ಬರೇ "ಕ" ಎಂದು ಬರೆದರೆ ನಾಲ್ಕು ಅರ್ಥ. ಬಣ್ಣದ ಪೂರ್ತಿ ಹೆಸರು ಅಥವಾ ಅಂಕಿಯನ್ನೇ ಬರೆಯಿರಿ.

ಎರಡು, ನಮ್ಮಲ್ಲಿ ಮನೆಮಾತು ಉರ್ದು ಇರುವವರು ಬಹಳ ಜನ. ಜೋಡಿಯಾಗಿ ಪ್ರಯೋಗ ಮಾಡುವಾಗ ಒಬ್ಬರು ಬಣ್ಣ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಉರ್ದುವಿನ "ಭೂರಾ" ಎಂದರೆ ಕಂದು, ಅಂಕಿ 1. ಕನ್ನಡದ "ಬೂದು" ಎಂದರೆ ಬೂದಿಯ ಬಣ್ಣ, ಅಂಕಿ 8. ಕಿವಿಗೆ ಎರಡೂ ಹತ್ತಿರ ಹತ್ತಿರ. ಹತ್ತಾರು ಜನ ಮಾತಾಡುತ್ತಿರುವ ಲ್ಯಾಬಿನಲ್ಲಿ 1 ಹೋಗಿ 8 ಆಗಲು ಅಷ್ಟು ಸಾಕು. ಹಾಗಾಗಿ ಬಣ್ಣದ ಜೊತೆ ಅಂಕಿಯನ್ನೂ ಹೇಳಿ: "ಕಂದು, ಒಂದು."

ಒಂದು ಪಟ್ಟಿ ತಪ್ಪಿದರೆ ನಷ್ಟವೆಷ್ಟು?

9 ವೋಲ್ಟ್ ಬ್ಯಾಟರಿಗೆ ಒಂದು ಕೆಂಪು ಎಲ್‌ಇಡಿ ಜೋಡಿಸುವ ಸರಳ ಪ್ರಯೋಗ ತೆಗೆದುಕೊಳ್ಳಿ. ಎಲ್‌ಇಡಿ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ, ಉಳಿದ 7 ವೋಲ್ಟ್ ರೆಸಿಸ್ಟರ್‌ಗೆ. ಹಳದಿ, ನೇರಳೆ, ಕಂದು ಇದ್ದರೆ 470 ಓಮ್. ವಿದ್ಯುತ್ ಪ್ರವಾಹ ಸುಮಾರು 15 ಮಿಲಿಆಂಪಿಯರ್. ದೀಪ ಚೆನ್ನಾಗಿ ಉರಿಯುತ್ತದೆ. ಮೂರನೆಯ ಪಟ್ಟಿ ಕೆಂಪಾಗಿದ್ದರೆ 4.7 ಕಿಲೋ ಓಮ್, ಪ್ರವಾಹ 1.5 ಮಿಲಿಆಂಪಿಯರ್, ಬೆಳಕು ಮಂದ. ಅದೇ ಪಟ್ಟಿ ಕಪ್ಪಾಗಿದ್ದರೆ ಬರೇ 47 ಓಮ್. ಲೆಕ್ಕದ ಪ್ರಕಾರ ಪ್ರವಾಹ ಸುಮಾರು 149 ಮಿಲಿಆಂಪಿಯರ್. ಸಾಮಾನ್ಯ ಎಲ್‌ಇಡಿ ತಾಳುವುದು 20ರಿಂದ 30 ಮಿಲಿಆಂಪಿಯರ್. ರೆಸಿಸ್ಟರ್ ಮೇಲೂ 1 ವಾಟ್‌ನಷ್ಟು ಶಾಖ ಬೀಳುತ್ತದೆ, ಆದರೆ ನಾವು ಬಳಸುವುದು ಕಾಲು ವಾಟ್‌ನದು.

ಕಪ್ಪು, ಕಂದು, ಕೆಂಪು ಮೂರೂ ಗಾಢ ಬಣ್ಣಗಳು. ಹಳೆಯ ರೆಸಿಸ್ಟರ್‌ನಲ್ಲಿ, ಸಂಜೆಯ ಬೆಳಕಿನಲ್ಲಿ ಮೂರೂ ಒಂದೇ ಥರ ಕಾಣಬಹುದು. ಮೊದಲ ಪಟ್ಟಿ ತಪ್ಪಾಗಿ ಓದಿದರೆ ಮೌಲ್ಯ ಎರಡು ಮೂರು ಪಟ್ಟು ತಪ್ಪುತ್ತದೆ; ಗುಣಕ ತಪ್ಪಾಗಿ ಓದಿದರೆ ಹತ್ತು ಪಟ್ಟು, ನೂರು ಪಟ್ಟು. ಆದ್ದರಿಂದ ಹೆಚ್ಚು ಹೊತ್ತು ನೋಡಬೇಕಾದ ಪಟ್ಟಿ ಗುಣಕದ್ದು.

ಯಾವ ತುದಿಯಿಂದ ಓದಬೇಕು?

ನಾಲ್ಕು ಪಟ್ಟಿಯ, ಚಿನ್ನ ಅಥವಾ ಬೆಳ್ಳಿ ಇರುವ ರೆಸಿಸ್ಟರ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಚಿನ್ನ, ಬೆಳ್ಳಿ ಎಂದೂ ಮೊದಲ ಪಟ್ಟಿಯಾಗಿ ಬರುವುದಿಲ್ಲ. ಅವು ಇರುವ ತುದಿ ಬಲಗಡೆಗೆ ಬರುವಂತೆ ಹಿಡಿದರೆ ಮುಗಿಯಿತು. ಕಪ್ಪು ಕೂಡ ಮೊದಲ ಅಂಕಿಯಾಗಿ ಬರುವುದಿಲ್ಲ.

ಕಷ್ಟ ಬರುವುದು ಐದು ಪಟ್ಟಿಯ, 1% ಟಾಲರೆನ್ಸಿನ ನೀಲಿ ಮೈಯ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳಲ್ಲಿ. ಅಲ್ಲಿ ಕೊನೆಯ ಪಟ್ಟಿ ಕಂದು. ಮೊದಲ ಪಟ್ಟಿಯೂ ಕಂದಾಗಿದ್ದರೆ ಎರಡು ತುದಿಗಳೂ ಒಂದೇ ಥರ ಕಾಣುತ್ತವೆ. ಈ ಉದಾಹರಣೆ ನೋಡಿ:

ಕಂದು, ಕಪ್ಪು, ಕಪ್ಪು, ಕೆಂಪು, ಕಂದು.

ಎಡದಿಂದ ಓದಿದರೆ 1, 0, 0, ಮೇಲೆ ಎರಡು ಸೊನ್ನೆ. 10,000 ಓಮ್, ಅಂದರೆ 10 ಕಿಲೋ ಓಮ್, 1%. ತಿರುಗಿಸಿ ಹಿಡಿದರೆ ಕಂದು, ಕೆಂಪು, ಕಪ್ಪು, ಕಪ್ಪು, ಕಂದು. 1, 2, 0, ಗುಣಕ ಒಂದು. 120 ಓಮ್, 1%. ಎರಡೂ ಅಂಗಡಿಯಲ್ಲಿ ಸಿಗುವ ಮೌಲ್ಯಗಳೇ. ಎರಡನ್ನೂ ಕೋಷ್ಟಕ ಒಪ್ಪುತ್ತದೆ. ಆದರೆ 9 ವೋಲ್ಟ್‌ಗೆ 10 ಕಿಲೋ ಓಮ್ ಹಾಕಿದರೆ 0.9 ಮಿಲಿಆಂಪಿಯರ್ ಹರಿಯುತ್ತದೆ. 120 ಓಮ್ ಹಾಕಿದರೆ 75 ಮಿಲಿಆಂಪಿಯರ್ ಹರಿದು 0.675 ವಾಟ್ ಶಾಖವಾಗುತ್ತದೆ. ಕಾಲು ವಾಟಿನ ರೆಸಿಸ್ಟರ್ ಕೈ ಸುಡುವಷ್ಟು ಬಿಸಿಯಾಗಿ ಕಪ್ಪಾಗುತ್ತದೆ.

ಇದು ಒಂದೇ ಒಂದು ಅಪವಾದ ಎಂದುಕೊಳ್ಳಬೇಡಿ. 1 ಕಿಲೋ ಓಮ್ ತಿರುಗಿಸಿದರೆ 110 ಓಮ್ ಆಗುತ್ತದೆ. 10 ಕಿಲೋ ಓಮ್ 120 ಆಗುತ್ತದೆ. 100 ಕಿಲೋ ಓಮ್ 130 ಆಗುತ್ತದೆ. ನಾವು ಅತಿ ಹೆಚ್ಚು ಬಳಸುವ ಮೌಲ್ಯಗಳೇ ಇವು. 100 ಓಮ್ ಮಾತ್ರ ಎರಡು ಕಡೆಯಿಂದಲೂ ಒಂದೇ: ಕಂದು, ಕಪ್ಪು, ಕಪ್ಪು, ಕಪ್ಪು, ಕಂದು.

ಹಾಗಾದರೆ ಇನ್ನೊಂದು ಸಾಕ್ಷಿ ಯಾವುದು? ಕೊನೆಯ ಪಟ್ಟಿಗೂ ಅದರ ಹಿಂದಿನದಕ್ಕೂ ನಡುವೆ ಸ್ವಲ್ಪ ಹೆಚ್ಚು ಅಂತರ ಇರುತ್ತದೆ, ಅಥವಾ ಕೊನೆಯ ಪಟ್ಟಿ ಸ್ವಲ್ಪ ಅಗಲವಾಗಿರುತ್ತದೆ. ಮೊದಲ ಪಟ್ಟಿ ತನ್ನ ಕಡೆಯ ತುದಿಗೆ ಹೆಚ್ಚು ಹತ್ತಿರವಿರುತ್ತದೆ. ಒಂದೇ ರೆಸಿಸ್ಟರ್ ನೋಡಿದರೆ ಅಂತರ ತಿಳಿಯದಿರಬಹುದು. ಅದೇ ಪೊಟ್ಟಣದ ನಾಲ್ಕೈದನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ತಿಳಿಯುತ್ತದೆ. ಅಷ್ಟಾದರೂ ಅನುಮಾನ ಉಳಿದರೆ ಮೀಟರ್ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಕೆಲವು ಸಲ ತಿರುಗಿಸಿದ ಓದು ತಾನೇ ಬಿದ್ದುಹೋಗುತ್ತದೆ. ಹಳದಿ, ನೇರಳೆ, ಕಪ್ಪು, ಕಂದು, ಕಂದು ಎಂದರೆ 4.7 ಕಿಲೋ ಓಮ್. ಇದನ್ನೇ ಬಲದಿಂದ ಓದಿದರೆ 110ರ ಮುಂದೆ ಏಳು ಸೊನ್ನೆ, ಅಂದರೆ 110 ಕೋಟಿ ಓಮ್. ಅಂಥದ್ದು ನಮ್ಮ ಲ್ಯಾಬಿನ ಡಬ್ಬಿಯಲ್ಲಿ ಇರುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ

ಕಾಮನಬಿಲ್ಲಿನಲ್ಲಿ ಕಂದು ಬಣ್ಣ ಇಲ್ಲ. ಅದನ್ನು ಯಾವತ್ತಾದರೂ ಯೋಚಿಸಿದ್ದೀರಾ? ಕಂದು ಎಂಬುದು ಕಡಿಮೆ ಹೊಳಪಿನ ಕಿತ್ತಳೆ. ಸುತ್ತಲಿನದಕ್ಕಿಂತ ಮಂಕಾಗಿ ಕಂಡ ಕಿತ್ತಳೆಯನ್ನು ನಮ್ಮ ಕಣ್ಣು ಕಂದು ಎಂದು ಕರೆಯುತ್ತದೆ. ಆದ್ದರಿಂದ 1 ಮತ್ತು 3 ಗೊಂದಲವಾಗುವುದಕ್ಕೆ ನಿಮ್ಮ ಅಜಾಗರೂಕತೆ ಮಾತ್ರ ಕಾರಣವಲ್ಲ, ಆ ಎರಡು ಬಣ್ಣಗಳ ಸಂಬಂಧವೇ ಹಾಗಿದೆ.

ಇದಕ್ಕೆ ದೀಪವೂ ಸೇರಿಕೊಳ್ಳುತ್ತದೆ. ಬಿಳಿ ಎಲ್‌ಇಡಿ ಬಲ್ಬಿನ ಒಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲಿನ ಹಳದಿ ರಂಜಕದ ಪದರ ಸೇರಿ ಬಿಳಿಯಾಗಿ ಕಾಣುತ್ತದೆ. ಅಗ್ಗದ ಬಲ್ಬುಗಳಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ವಸ್ತುವಿನ ಮೇಲೆ ಬೀಳದ ಬಣ್ಣ ಅದರಿಂದ ಹಿಂದಿರುಗುವುದಿಲ್ಲವಷ್ಟೇ. ಹೀಗಾಗಿ ಅಂಥ ಬಲ್ಬಿನ ಕೆಳಗೆ ಕೆಂಪು ಪಟ್ಟಿ ಮಂಕಾಗಿ ಕಂದಿನ ಕಡೆಗೆ ವಾಲುತ್ತದೆ. ರೆಸಿಸ್ಟರ್ ಮೈ ನೀಲಿಯಾಗಿದ್ದರೆ ಇನ್ನೂ ಕಷ್ಟ, ಏಕೆಂದರೆ ಹಿನ್ನೆಲೆಯೂ ಕಣ್ಣಿನ ತೀರ್ಮಾನವನ್ನು ಬದಲಿಸುತ್ತದೆ.

ಈ ವಿಷಯವನ್ನು ಸಾವಿರ ವರ್ಷದ ಹಿಂದೆಯೇ ಆಳವಾಗಿ ಯೋಚಿಸಿದವರು ಇಬ್ನ್ ಅಲ್-ಹೈಸಮ್. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇವರ "ಕಿತಾಬ್ ಅಲ್-ಮನಾಝಿರ್" ದೃಷ್ಟಿ ಮತ್ತು ಬೆಳಕಿನ ಬಗೆಗಿನ ದೊಡ್ಡ ಗ್ರಂಥ. ಒಂದೇ ವಸ್ತುವಿನ ಬಣ್ಣ ಅದರ ಮೇಲೆ ಬೀಳುವ ಬೆಳಕಿಗೆ ತಕ್ಕಂತೆ ಬೇರೆಬೇರೆಯಾಗಿ ಕಾಣುತ್ತದೆ ಎಂಬುದನ್ನು ಅವರು ಅದರಲ್ಲಿ ಚರ್ಚಿಸಿದ್ದಾರೆ. ಕಣ್ಣು ಎಲ್ಲೆಲ್ಲಿ ತಪ್ಪುತ್ತದೆ ಎಂಬುದಕ್ಕೇ ಗ್ರಂಥದ ಮೂರನೆಯ ಭಾಗ ಮೀಸಲು.

ನಮಗೆ ಇದರಿಂದ ಬರುವ ಪಾಠ ಸುಲಭ. ರೆಸಿಸ್ಟರನ್ನು ಕಿಟಕಿಯ ಹತ್ತಿರ, ಹಗಲಿನ ಬೆಳಕಿಗೆ ತೆಗೆದುಕೊಂಡು ಹೋಗಿ. ಬಿಳಿ ಹಾಳೆಯ ಮೇಲೆ ಇಡಿ. ಸರಿಯಾಗಿ ಮೌಲ್ಯ ಗೊತ್ತಿರುವ, ಅದೇ ಮೈಬಣ್ಣದ ಇನ್ನೊಂದು ರೆಸಿಸ್ಟರನ್ನು ಪಕ್ಕದಲ್ಲಿ ಇಡಿ. ಒಂಟಿ ಪಟ್ಟಿಯನ್ನು ನೋಡಿ ಅದು ಕಂದೇ ಎಂದು ಹೇಳುವುದು ಕಷ್ಟ. ಅಕ್ಕಪಕ್ಕ ಇಟ್ಟು ಇದು ಅದಕ್ಕಿಂತ ಕೆಂಪು ಎಂದು ಹೇಳುವುದು ಸುಲಭ. ಮೊಬೈಲ್ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬಹುದು, ಆದರೆ ಕ್ಯಾಮೆರಾ ತಾನೇ ಬಣ್ಣ ತಿದ್ದುತ್ತದೆ ಎಂಬುದು ನೆನಪಿರಲಿ.

ಎಲ್ಲ ಸಂಖ್ಯೆಗಳೂ ರೆಸಿಸ್ಟರ್ ಆಗುವುದಿಲ್ಲ

ಇದು ನನಗೆ ಬಹಳ ಇಷ್ಟವಾದ ಸಾಕ್ಷಿ. ಕಾರ್ಖಾನೆಗಳು ಎಲ್ಲ ಮೌಲ್ಯಗಳ ರೆಸಿಸ್ಟರ್ ಮಾಡುವುದಿಲ್ಲ. ಒಂದರಿಂದ ಹತ್ತರವರೆಗಿನ ದೂರವನ್ನು ಸಮಾನ ಅನುಪಾತದ 24 ಹೆಜ್ಜೆಗಳಾಗಿ ಹಂಚಿದ್ದಾರೆ. ಪ್ರತಿ ಹೆಜ್ಜೆಯೂ ಹಿಂದಿನದರ ಸುಮಾರು 1.1 ಪಟ್ಟು. ±5% ಟಾಲರೆನ್ಸ್ ಇದ್ದರೆ ಒಂದರ ಮಿತಿ ಮುಗಿಯುವಲ್ಲಿ ಇನ್ನೊಂದರ ಮಿತಿ ಹೆಚ್ಚುಕಡಿಮೆ ಶುರುವಾಗುತ್ತದೆ, ನಡುವೆ ಇನ್ನೊಂದು ಮೌಲ್ಯ ಮಾಡುವುದು ವ್ಯರ್ಥ. ಇದಕ್ಕೆ ಇ-24 ಸರಣಿ ಎಂದು ಹೆಸರು. ಅಂತರರಾಷ್ಟ್ರೀಯ ಸಂಸ್ಥೆ ಐಇಸಿ 1952ರಲ್ಲಿ ಬಣ್ಣದ ಸಂಕೇತ ಮತ್ತು ಈ ಸರಣಿಗಳ ಮಾನದಂಡಗಳನ್ನು ಪ್ರಕಟಿಸಿತು. ಈಗ ಅವು ಐಇಸಿ 60062 ಮತ್ತು 60063.

ಆ 24 ಜೋಡಿ ಅಂಕಿಗಳನ್ನು ಪುಸ್ತಕದಲ್ಲಿ ಏರಿಕೆಯ ಕ್ರಮದಲ್ಲಿ ಕೊಟ್ಟಿರುತ್ತಾರೆ. ನಾನು ಅವನ್ನು ಎರಡನೆಯ ಪಟ್ಟಿಯ ಪ್ರಕಾರ ಜೋಡಿಸಿ ಕೊಡುತ್ತಿದ್ದೇನೆ. ಅನುಮಾನ ಬಿಡಿಸಲು ಇದೇ ಹೆಚ್ಚು ಉಪಯೋಗ.

ಎರಡನೆಯದು ಕಪ್ಪು: 10, 20, 30
ಕಂದು: 11, 51, 91
ಕೆಂಪು: 12, 22, 62, 82
ಕಿತ್ತಳೆ: 13, 33, 43
ಹಳದಿ: 24
ಹಸಿರು: 15, 75
ನೀಲಿ: 16, 36, 56
ನೇರಳೆ: 27, 47
ಬೂದು: 18, 68
ಬಿಳಿ: 39

ಈಗ ಉಪಯೋಗಿಸಿ ನೋಡೋಣ. ಮೊದಲ ಪಟ್ಟಿ ಕಂದೋ, ಕೆಂಪೋ, ಕಿತ್ತಳೆಯೋ ತಿಳಿಯುತ್ತಿಲ್ಲ. ಎರಡನೆಯದು ಖಂಡಿತ ನೇರಳೆ. 17 ಇಲ್ಲ, 37 ಇಲ್ಲ. ಆದ್ದರಿಂದ ಅದು ಕೆಂಪು, 27. ಎರಡನೆಯದು ಬೂದು ಆಗಿದ್ದರೆ ಮೂರರಲ್ಲಿ ಉಳಿಯುವುದು ಕಂದು, 18. ಬಿಳಿಯಾಗಿದ್ದರೆ ಕಿತ್ತಳೆ, 39. ಹಳದಿಯಾಗಿದ್ದರೆ ಕೆಂಪು, 24. ಹಸಿರಾಗಿದ್ದರೆ ಕಂದು, 15.

ನೀಲಿ ಮತ್ತು ನೇರಳೆಯ ಗೊಂದಲ ಎರಡನೆಯ ಪಟ್ಟಿಯಲ್ಲಿ ಬಂದರೆ ಈ ಸರಣಿಯಲ್ಲಿ ಅದು ಪೂರ್ತಿ ಬಗೆಹರಿಯುತ್ತದೆ. ಮೊದಲ ಅಂಕಿ ಬೆಸವಾಗಿದ್ದರೆ ನೀಲಿ: 16, 36, 56. ಸಮವಾಗಿದ್ದರೆ ನೇರಳೆ: 27, 47. ಮೊದಲ ಪಟ್ಟಿಯಲ್ಲೇ ಬಂದರೂ ಚಿಂತೆಯಿಲ್ಲ. ಅದರ ಪಕ್ಕ ಕೆಂಪು ಅಥವಾ ಬೂದು ಇದ್ದರೆ ನೀಲಿ. ಹಸಿರು ಇದ್ದರೆ ನೇರಳೆ, ಏಕೆಂದರೆ 62, 68, 75 ಮಾತ್ರ ಇವೆ.

ಈ ಉಪಾಯಕ್ಕೂ ಮಿತಿ ಇದೆ. ಎರಡನೆಯದು ಕಪ್ಪಾಗಿದ್ದರೆ 10, 20, 30 ಮೂರೂ ಇವೆ. ಕೆಂಪಾಗಿದ್ದರೆ 12, 22 ಎರಡೂ ಇವೆ. ಕಿತ್ತಳೆಯಾದರೆ 13, 33. ನೀಲಿಯಾದರೆ 16, 36. ಅಲ್ಲಿ ಸರಣಿ ಸುಮ್ಮನಿರುತ್ತದೆ. ಗುಣಕದ ಪಟ್ಟಿಯ ಬಗ್ಗೆಯೂ ಅದು ಏನೂ ಹೇಳುವುದಿಲ್ಲ. ಮೂರು ಅಂಕಿಯ 1% ರೆಸಿಸ್ಟರ್‌ಗಳಿಗೆ ಇದಕ್ಕಿಂತ ದಟ್ಟವಾದ ಇ-96 ಸರಣಿಯೂ ಇದೆ. ಅವಕ್ಕೆ ಮೇಲಿನ ಪಟ್ಟಿ ಹಾಕಬೇಡಿ.

ಮೀಟರ್ ಹೇಳುವುದನ್ನು ಕೇಳುವ ಕ್ರಮ

ಅನುಮಾನದಲ್ಲಿ ಸಿಕ್ಕಿಬೀಳುವ ಎರಡು ಮೌಲ್ಯಗಳು ಸಾಮಾನ್ಯವಾಗಿ ದೂರದೂರ ಇರುತ್ತವೆ: 1.2 ಮತ್ತು 2.2 ಕಿಲೋ ಓಮ್, 120 ಓಮ್ ಮತ್ತು 10 ಕಿಲೋ ಓಮ್. ಆದ್ದರಿಂದ ಸಾಧಾರಣ ಮಲ್ಟಿಮೀಟರ್ ಕೂಡ ತೀರ್ಪು ಕೊಡಬಲ್ಲದು. ಆದರೆ ಕ್ರಮ ತಪ್ಪಬಾರದು.

ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ. ರೆಸಿಸ್ಟರ್ ಬೋರ್ಡಿನಲ್ಲಿದ್ದರೆ ಒಂದು ಕಾಲನ್ನಾದರೂ ಬಿಡಿಸಿ. ಹಾಗೇ ಅಳೆದರೆ ಬೋರ್ಡಿನ ಉಳಿದ ದಾರಿಗಳೂ ಸಮಾನಾಂತರವಾಗಿ ಸೇರಿ ಮೌಲ್ಯ ಕಡಿಮೆ ತೋರುತ್ತದೆ. ಸಮಾನಾಂತರ ಜೋಡಣೆ ಮೌಲ್ಯವನ್ನು ಕಡಿಮೆ ಮಾಡಬಲ್ಲದೇ ಹೊರತು ಹೆಚ್ಚು ಮಾಡಲಾರದು. ಹಾಗಾಗಿ ಕೆಪಾಸಿಟರ್‌ಗಳೆಲ್ಲ ಖಾಲಿಯಾದ ಮೇಲೆ ಬೋರ್ಡಿನಲ್ಲೇ ಅಳೆದಾಗ, ಬಣ್ಣ ಹೇಳಿದ್ದಕ್ಕಿಂತ ಟಾಲರೆನ್ಸ್ ಮೀರಿ ಹೆಚ್ಚು ಬಂದರೆ, ನೀವು ಬಣ್ಣ ತಪ್ಪು ಓದಿದ್ದೀರಿ ಅಥವಾ ರೆಸಿಸ್ಟರ್ ಕೆಟ್ಟಿದೆ. ಕಡಿಮೆ ಬಂದರೆ ಮಾತ್ರ ಏನನ್ನೂ ಹೇಳಲಾಗದು.

ಕಿಲೋ ಓಮ್‌ಗಿಂತ ಬಹಳ ದೊಡ್ಡ ಮೌಲ್ಯಗಳನ್ನು ಅಳೆಯುವಾಗ ಎರಡು ಕೈಯ ಬೆರಳಿನಿಂದಲೂ ಪ್ರೋಬಿನ ಲೋಹ ಹಿಡಿಯಬೇಡಿ, ನಿಮ್ಮ ಮೈಯೂ ಒಂದು ರೆಸಿಸ್ಟರ್. ಮನೆಯ ಟಿವಿ, ಚಾರ್ಜರ್‌ನಂಥ 230 ವೋಲ್ಟ್ ಉಪಕರಣಗಳನ್ನು ತಿಳಿದವರಿಲ್ಲದೆ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ರೆಸಿಸ್ಟರ್‌ನಂತೆ ಕಾಣುವ ಇತರರು

ಅದೇ ಆಕಾರ, ಅದೇ ಪಟ್ಟಿಗಳು, ಆದರೆ ಮೀಟರ್ ಒಂದೆರಡು ಓಮ್ ಮಾತ್ರ ತೋರಿಸುತ್ತದೆ. "ಸರ್, ರೆಸಿಸ್ಟರ್ ಹಾಳಾಗಿದೆ" ಎನ್ನುವ ಮೊದಲು ಅದು ಇಂಡಕ್ಟರ್ ಇರಬಹುದೇ ನೋಡಿ. ಸಣ್ಣ ಇಂಡಕ್ಟರ್‌ಗಳಿಗೂ ಇದೇ ಬಣ್ಣದ ಸಂಕೇತ, ಮಾನ ಮಾತ್ರ ಮೈಕ್ರೋಹೆನ್ರಿ. ಕಂದು, ಕಪ್ಪು, ಕಂದು ಎಂದರೆ ಅಲ್ಲಿ 100 ಮೈಕ್ರೋಹೆನ್ರಿ. ಒಳಗೆ ತಾಮ್ರದ ಸುರುಳಿ ಇರುವುದರಿಂದ ಓಮ್ ಕಡಿಮೆ. ಬಹಳಷ್ಟು ಇಂಡಕ್ಟರ್‌ಗಳ ಮೈ ಹಸಿರು, ಆಕಾರ ಸ್ವಲ್ಪ ದಪ್ಪ.

ನಡುವೆ ಒಂದೇ ಕಪ್ಪು ಪಟ್ಟಿ ಇದ್ದರೆ ಅದು ಸೊನ್ನೆ ಓಮ್ ರೆಸಿಸ್ಟರ್, ತಂತಿಯ ಬದಲಿಗೆ ಹಾಕುವಂಥದ್ದು. ಗಾಜಿನ ಮೈಯ ಒಂದು ತುದಿಯಲ್ಲಿ ಒಂದು ಪಟ್ಟಿ ಇದ್ದರೆ ಅದು ಡಯೋಡ್, ಪಟ್ಟಿ ಇರುವ ತುದಿ ಕ್ಯಾಥೋಡ್. ಆರು ಪಟ್ಟಿ ಇದ್ದರೆ ಕೊನೆಯದು ತಾಪಮಾನ ಗುಣಾಂಕ. ಹೆಚ್ಚು ವೋಲ್ಟೇಜಿನ ಕೆಲವು ರೆಸಿಸ್ಟರ್‌ಗಳಲ್ಲಿ ಚಿನ್ನ, ಬೆಳ್ಳಿ ಬಣ್ಣದ ಲೋಹದ ಕಣಗಳು ಬೇಡವೆಂದು ಅವುಗಳ ಜಾಗದಲ್ಲಿ ಹಳದಿ, ಬೂದು ಹಾಕುತ್ತಾರೆ. ಹಳೆಯ ವಾಲ್ವ್ ರೇಡಿಯೋ ಬಿಚ್ಚಿದರೆ ಪಟ್ಟಿಯೇ ಇಲ್ಲದ ರೆಸಿಸ್ಟರ್ ಸಿಗಬಹುದು. ಅಲ್ಲಿ ಮೈಬಣ್ಣ ಮೊದಲ ಅಂಕಿ, ತುದಿಯ ಬಣ್ಣ ಎರಡನೆಯ ಅಂಕಿ, ನಡುವಿನ ಚುಕ್ಕೆ ಗುಣಕ.

ಪ್ರಾಜೆಕ್ಟ್‌ಗೆ ಬೇಕಾದ ಭಾಗಗಳನ್ನು ಎಸ್.ಪಿ. ರಸ್ತೆಯಿಂದ ತರುವವರಿಗೆ ಒಂದು ಮಾತು. ಹಸಿರು ಮಾರ್ಗದ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಕೊಂಡಾಗಲೇ ಪ್ರತಿ ಮೌಲ್ಯವನ್ನು ಬೇರೆ ಬೇರೆ ಪೊಟ್ಟಣದಲ್ಲಿ ಹಾಕಿಸಿ, ಮೇಲೆ ಮೌಲ್ಯ ಬರೆಯಿರಿ. ಕಾಗದದ ಪಟ್ಟಿಗೆ ಅಂಟಿಸಿದ ರೆಸಿಸ್ಟರ್‌ಗಳಾದರೆ ಬಳಸುವವರೆಗೆ ಕಿತ್ತು ಬಿಡಿಬಿಡಿ ಮಾಡಬೇಡಿ. ಹತ್ತು ಥರದ ನೀಲಿ ರೆಸಿಸ್ಟರ್‌ಗಳು ಒಂದೇ ಕವರಿನಲ್ಲಿ ಬೆರೆತರೆ ಬಿಡಿಸಲು ಒಂದು ಸಂಜೆಯೇ ಬೇಕು.

ಬಣ್ಣ ಬೇರೆಯಾಗಿ ಕಾಣುವವರು

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ನೀವು ವರ್ಣಾಂಧತೆಯ ಪಾಠ ಓದುತ್ತೀರಿ. ಕೆಂಪು ಹಸಿರುಗಳನ್ನು ಬೇರ್ಪಡಿಸುವ ಜೀನುಗಳು ಎಕ್ಸ್ ವರ್ಣತಂತುವಿನಲ್ಲಿವೆ. ಆದ್ದರಿಂದ ಇದು ಹುಡುಗರಲ್ಲಿ ಹೆಚ್ಚು: ಪಠ್ಯಪುಸ್ತಕದ ಪ್ರಕಾರ ಪುರುಷರಲ್ಲಿ ಸುಮಾರು 8%, ಮಹಿಳೆಯರಲ್ಲಿ ಸುಮಾರು 0.4%. ಆ ಲೆಕ್ಕದಲ್ಲಿ 25 ಹುಡುಗರ ಬ್ಯಾಚಿನಲ್ಲಿ ಇಬ್ಬರಿಗೆ ಇದು ಇರಬಹುದು. ಅವರಿಗೆ ಕಂದು, ಕೆಂಪು, ಹಸಿರು ಪಟ್ಟಿಗಳು ಎಷ್ಟೇ ಒಳ್ಳೆಯ ಬೆಳಕಿನಲ್ಲೂ ಒಂದೇ ಥರ ಕಾಣಬಹುದು. ಟೋಕಿಯೋದ ಶಿನೋಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕೆಚಿತ್ರಗಳ ಪರೀಕ್ಷೆಯನ್ನು ಕಣ್ಣಿನ ವೈದ್ಯರು ಇಂದಿಗೂ ಬಳಸುತ್ತಾರೆ.

ಹೀಗಿರುವವರು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಪಕ್ಕದವರ ರೆಕಾರ್ಡ್ ನೋಡಿ ಬರೆದುಬಿಡುತ್ತಾರೆ, ನಾವು ಅದನ್ನು ಸೋಮಾರಿತನ ಎಂದುಕೊಳ್ಳುತ್ತೇವೆ. ಅಂಥ ವಿದ್ಯಾರ್ಥಿಗಳಿಗೆ ನನ್ನ ಮಾತು: ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ, ನನ್ನ ಹತ್ತಿರ ಬಂದು ಹೇಳಿ. ನಿಮಗೆ ಮೀಟರ್ ಮೊದಲ ಸಾಧನ, ಬಣ್ಣ ಎರಡನೆಯದು. ಉಳಿದವರಿಗೆ ನನ್ನ ಮಾತು: ಜೊತೆಗಾರ ಬಣ್ಣ ಕೇಳಿದರೆ ನಗದೆ ಹೇಳಿ.

ರೆಕಾರ್ಡಿನಲ್ಲಿ ಏನು ಬರೆಯಬೇಕು?

ಲೆಕ್ಕಕ್ಕೆ 1 ಕಿಲೋ ಓಮ್ ಬೇಕಾಗಿರುತ್ತದೆ. ಕೈಯಲ್ಲಿರುವುದು 1 ಕಿಲೋ ಓಮೋ 110 ಓಮೋ ಗೊತ್ತಿಲ್ಲ. ಬೇಕಾದದ್ದನ್ನೇ ಕಂಡೆ ಎಂದು ಬರೆಯುವ ಆಸೆ ಆಗ ಬರುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ. ಕುರ್‌ಆನಿನ 83ನೆಯ ಅಧ್ಯಾಯ ಅಲ್-ಮುತಫ್ಫಿಫೀನ್ ಅಳತೆ ತೂಕದಲ್ಲಿ ಮೋಸ ಮಾಡುವವರಿಗೆ ಕೊಡುವ ಎಚ್ಚರಿಕೆಯಿಂದಲೇ ಆರಂಭವಾಗುತ್ತದೆ. ಅದು ಬರೇ ಸಂತೆಯ ವ್ಯಾಪಾರಿಗೆ ಹೇಳಿದ ಮಾತು ಎಂದು ನನಗೆ ಅನ್ನಿಸುವುದಿಲ್ಲ. ಮುಂದೆ ನೀವು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಯಾವುದಕ್ಕೇ ಹೋದರೂ ನೀವು ಬರೆದ ಅಳತೆಯನ್ನು ನಂಬಿ ಇನ್ನೊಬ್ಬರು ಸ್ವಿಚ್ ಹಾಕುತ್ತಾರೆ. ಆಸ್ಪತ್ರೆಯ ಉಪಕರಣವೋ, ಲಿಫ್ಟಿನ ಬೋರ್ಡೋ ಇರಬಹುದು.

ಆದ್ದರಿಂದ ರೆಕಾರ್ಡಿನಲ್ಲಿ ಮೂರು ಕಾಲಂ ಹಾಕಿ: ಕಂಡ ಬಣ್ಣಗಳು, ಬಣ್ಣದಿಂದ ಬಂದ ಮೌಲ್ಯ, ಮೀಟರ್ ತೋರಿಸಿದ ಮೌಲ್ಯ. ಅನುಮಾನವಿದ್ದರೆ "ಕಂದು ಅಥವಾ ಕೆಂಪು" ಎಂದೇ ಬರೆಯಿರಿ. ಹಾಗೆ ಬರೆದವರ ಅಂಕ ನಾನು ಕಳೆಯುವುದಿಲ್ಲ.

ಅಭ್ಯಾಸಕ್ಕೆ ನಾಲ್ಕು ಪ್ರಶ್ನೆಗಳು

1. ಕಂದು, ಕಪ್ಪು, ಕಪ್ಪು, ಕಿತ್ತಳೆ, ಕಂದು. ಸಾಧ್ಯವಿರುವ ಎರಡು ಮೌಲ್ಯಗಳು ಯಾವುವು?
2. ಮೊದಲ ಪಟ್ಟಿ ಕಂದು, ಕೆಂಪು, ಕಿತ್ತಳೆ ಮೂರರಲ್ಲಿ ಒಂದು. ನಂತರ ನೇರಳೆ, ಕಿತ್ತಳೆ, ಚಿನ್ನ. ಮೌಲ್ಯ ಎಷ್ಟು?
3. ಮೊದಲ ಪಟ್ಟಿ ಕಂದು ಅಥವಾ ಕೆಂಪು. ನಂತರ ಕೆಂಪು, ಕೆಂಪು, ಚಿನ್ನ. ಸರಣಿ ಸಹಾಯ ಮಾಡುತ್ತದೆಯೇ?
4. ಕಂದು, ಕಪ್ಪು, ಕಿತ್ತಳೆ, ಚಿನ್ನ. ಸಂಪರ್ಕ ತೆಗೆದು, ಕೆಪಾಸಿಟರ್ ಖಾಲಿ ಮಾಡಿ ಬೋರ್ಡಿನಲ್ಲೇ ಅಳೆದರೆ 14 ಕಿಲೋ ಓಮ್ ತೋರಿಸುತ್ತದೆ. ಬಣ್ಣದಲ್ಲಿ ಅನುಮಾನವಿಲ್ಲ. ಏನು ಹೇಳುತ್ತೀರಿ?

ಉತ್ತರಗಳು: 1. 100 ಕಿಲೋ ಓಮ್ ಅಥವಾ 130 ಓಮ್. 2. 27 ಕಿಲೋ ಓಮ್, ±5%. 3. ಇಲ್ಲ, 12 ಮತ್ತು 22 ಎರಡೂ ಸರಣಿಯಲ್ಲಿವೆ. ಮೀಟರ್ 1140ರಿಂದ 1260 ಓಮ್ ಒಳಗೆ ತೋರಿದರೆ 1.2 ಕಿಲೋ ಓಮ್. 2090ರಿಂದ 2310ರ ಒಳಗೆ ತೋರಿದರೆ 2.2 ಕಿಲೋ ಓಮ್. 4. ಮಿತಿ 9.5ರಿಂದ 10.5 ಕಿಲೋ ಓಮ್. ಅದಕ್ಕಿಂತ ಹೆಚ್ಚು ಬಂದಿರುವುದರಿಂದ ರೆಸಿಸ್ಟರ್ ಕೆಟ್ಟಿದೆ, ಬದಲಾಯಿಸಬೇಕು.

ನಾಲ್ಕನ್ನೂ ಮಾಡಿದವರು ಲ್ಯಾಬಿನ ಮಿಶ್ರ ಡಬ್ಬಿಯಿಂದ ಹತ್ತು ರೆಸಿಸ್ಟರ್ ತೆಗೆದು ಓದಿ, ಬರೆದು, ಆಮೇಲೆ ಅಳೆದು ನೋಡಿ. ಬಣ್ಣ ಮತ್ತು ಮೀಟರ್ ಒಪ್ಪದ ಒಂದಾದರೂ ಸಿಕ್ಕರೆ ಅದನ್ನು ನನಗೂ ತೋರಿಸಿ.